ಒಂದು ಚರಣದಷ್ಟು ಹೊತ್ತು

ಹೆಂಡತಿಯ ಮಾತು ಕೇಳದ ಗಂಡ ಎಂಬ ಬಿರುದು ನನಗೆ ಮದುವೆಯಾದ ಮೊದಲ ವರ್ಷವೇ ಸಿಕ್ಕಿತ್ತು. ಅದನ್ನು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡೂ ಬಂದಿದ್ದೇನೆ. ಕೊತ್ತಂಬರಿ ತನ್ನಿ ಎಂದರೆ ಮೆಂತ್ಯೆಸೊಪ್ಪು ತರುತ್ತೇನೆ. ಹಾಲು ಉಕ್ಕೀತು, ನೋಡಿ ಎಂದರೆ ಒಲೆಯ ಮುಂದೆ ನಿಂತು ಉಕ್ಕುವುದನ್ನು ನೋಡುತ್ತೇನೆ. ಆದರೆ ಒಂದು ಸಲ, ಒಂದೇ ಒಂದು ಸಲ, ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಆ ಸಲ ಅವಳು ನನ್ನ ಕಣ್ಣೆದುರಿಗೇ ಹೊಳೆಯ ಪಾಲಾಗುವುದರಲ್ಲಿದ್ದಳು. ಇದಾಗಿ ಏಳು ತಿಂಗಳಾಯಿತು. ಈಗಲೂ ಎಲ್ಲಾದರೂ ಸ್ಟೀಲಿನ ಪಾತ್ರೆ ಬಿದ್ದರೆ ನನ್ನ ಎದೆ ಹಾರುತ್ತದೆ. ಹೋದ ವಾರ ಎಂಟನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನ ಹೇಳುತ್ತಿದ್ದಾಗ ಹುಡುಗಿಯೊಬ್ಬಳ ಕಂಪಾಸು ಪೆಟ್ಟಿಗೆ ನೆಲಕ್ಕೆ ಬಿತ್ತು. ನಾನು ಸೀಮೆಸುಣ್ಣ ಕೈಬಿಟ್ಟು, ‘ಎಲ್ಲಾರೂ ಮ್ಯಾಲೆ ಏಳ್ರಿ, ನೀರು’ ಎಂದುಬಿಟ್ಟೆ. ಮಕ್ಕಳು ಶಿಸ್ತಿನಿಂದ ಎದ್ದು ನಿಂತರು, ಒಬ್ಬನಂತೂ ಬೆಂಚಿನ ಮೇಲೆಯೇ ಹತ್ತಿದ. ವಿಜ್ಞಾನದ ಮೇಷ್ಟರು ಹೇಳಿದ ಮೇಲೆ ಏನೋ ಪ್ರಯೋಗವಿರಬೇಕು ಎಂದುಕೊಂಡಿರಬಹುದು.

ವಿಷಯ ನನ್ನ ಹೆಂಡತಿಯ ಚೊಚ್ಚಲ ಆಲ್ಬಮ್ಮಿನದು. ಶೈಲಾ ಹಳಿಯಾಳದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ದಾಂಡೇಲಿಯಿಂದ ದಿನಾ ಬಸ್ಸಿನಲ್ಲಿ ಹೋಗಿ, ‘ನಿಶ್ಶಬ್ದ’ ಎಂದು ಬರೆದ ಬೋರ್ಡಿನ ಕೆಳಗೆ ಎಂಟು ತಾಸು ಕೂತು, ಮತ್ತೆ ಬಸ್ಸು ಹತ್ತಿ ಬರುತ್ತಾಳೆ. ನಾನು ಇಲ್ಲಿಯೇ ಹೈಸ್ಕೂಲಿನಲ್ಲಿ ಮೇಷ್ಟರು, ದಿನಕ್ಕೆ ನೂರು ಸಲ ‘ಸುಮ್ಮ ಕೂಡ್ರಿ’ ಎನ್ನುವುದೇ ನನ್ನ ನೌಕರಿ. ಇಬ್ಬರೂ ಮೌನದಿಂದಲೇ ಹೊಟ್ಟೆ ಹೊರೆಯುವವರು. ಹೀಗಿರುವಾಗ ಅವಳು ಬಸ್ಸಿನ ಟಿಕೆಟ್ಟಿನ ಹಿಂಬದಿಯಲ್ಲಿ ಹಾಡು ಬರೆಯುತ್ತಾಳೆ ಎನ್ನುವುದು ನನಗೆ ತಿಳಿದದ್ದು ಅವಳ ಪರ್ಸಿನಲ್ಲಿ ಚಿಲ್ಲರೆ ಹುಡುಕುವಾಗ. ‘ತೇಗದ ಎಲಿ ಉದುರಿದರ ಯಾರೋ ಬಂದಂಗ ಆಗತೈತಿ’ ಎಂದು ಒಂದು ಟಿಕೆಟ್ಟಿನ ಮೇಲಿತ್ತು. ಯಾರು ಬಂದ ಹಾಗೆ ಎಂದು ಕೇಳಿದೆ. ‘ಯಾರೂ ಬರೂದಿಲ್ಲ, ಅದ ಹಾಡು’ ಎಂದಳು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ನೆರೆಮನೆಯವರು ಊರು ಬಿಡುವಾಗ ಬಿಟ್ಟುಹೋದ ಐದು ತಂತಿಯ ಗಿಟಾರನ್ನು ಮಡಿಲಿಗೆ ಹಾಕಿಕೊಂಡು ಅವಳು ಹಾಡಲು ಶುರುಮಾಡಿದಾಗ ಅದರಲ್ಲಿ ಆರು ತಂತಿ ಇರಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಹಾಡುಗಳು ಐದು ತಂತಿಗೆ ಒಗ್ಗಿಹೋಗಿದ್ದವು.

ಇದನ್ನೆಲ್ಲ ಆಲ್ಬಂ ಎಂದು ಕರೆದವಳು ಧಾರವಾಡದಲ್ಲಿ ಓದುವ ಮಗಳು ಸ್ಫೂರ್ತಿ. ರಜೆಗೆ ಬಂದವಳು ತಾಯಿಯ ಹಾಡು ಕೇಳಿ, ‘ಮಮ್ಮಿ, ಇದು ಲೋ-ಫೈ ಇಂಡೀ ಫೋಕ್’ ಎಂದು ರೋಗದ ಹೆಸರು ಹೇಳುವ ಡಾಕ್ಟರರಂತೆ ಹೇಳಿದಳು. ಏನು ಹಾಗೆಂದರೆ ಎಂದು ನನ್ನವ್ವ ಗಾಬರಿಯಿಂದ ಕೇಳಿದಳು. ದೊಡ್ಡ ಸ್ಟುಡಿಯೋ ಇಲ್ಲದೆ, ಮನೆಯಲ್ಲೇ, ಹಳೆಯ ಯಂತ್ರದಲ್ಲಿ, ಸುತ್ತಲಿನ ಸಪ್ಪಳವನ್ನೆಲ್ಲ ಹಾಗೆಯೇ ಬಿಟ್ಟು ಹಾಡು ತುಂಬಿಸುವುದು ಎಂದು ಮಗಳು ವಿವರಿಸಿದಳು. ‘ಅಂದ್ರ ನಿಮ್ಮಪ್ಪನ ಪೆಟಗಿ’ ಎಂದಳು ಅವ್ವ ನನ್ನ ಕಡೆ ತಿರುಗಿ. ನನ್ನಪ್ಪ ಕಾಗದದ ಕಾರ್ಖಾನೆಗೆಂದು ಧಾರವಾಡದ ಕಡೆಯಿಂದ ಬಂದವನು, ಅವನದೊಂದು ಟೇಪ್ ರೆಕಾರ್ಡರು ಅಟ್ಟದ ಮೇಲಿತ್ತು. ಕಪ್ಪಗೆ, ಇಟ್ಟಿಗೆಯ ಹಾಗೆ ಭಾರ, ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಮೈಕು, ನಾಲ್ಕು ದೊಡ್ಡ ಸೆಲ್ಲು ಹಾಕಿದರೆ ಕರೆಂಟಿಲ್ಲದೆಯೂ ಓಡುತ್ತದೆ. ಅಪ್ಪ ಅದರಲ್ಲಿ ಮಠದ ಭಜನೆ ತುಂಬಿಸುತ್ತಿದ್ದ. ಒರೆಸಿ, ಸೆಲ್ಲು ಹಾಕಿ ಗುಂಡಿ ಒತ್ತಿದರೆ ಹಠ ಮಾಡದೆ ತಿರುಗಿತು. ಅದರಿಂದ ಬರುವ ‘ಸ್’ ಎಂಬ ಸದ್ದನ್ನು ಕೇಳಿ ಮಗಳು ಕಣ್ಣು ಮುಚ್ಚಿಕೊಂಡಳು. ಆ ಸದ್ದಿಗಾಗಿಯೇ ಜನ ಈಗ ಹಾತೊರೆಯುತ್ತಾರಂತೆ. ನನ್ನ ಕಾಲದಲ್ಲಿ ಆ ಸದ್ದು ಬಂದರೆ ರಿಪೇರಿಗೆ ಒಯ್ಯುತ್ತಿದ್ದರು.

ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಎರಡು ಬೆರಳಲ್ಲಿ ಒಟ್ಟಿಗೆ ಒತ್ತುವ ಕೆಲಸ ನನಗೆ ಬಂತು. ಎಂ.ಎಸ್ಸಿ. ಓದಿದವನು, ತರಂಗಗಳ ಪಾಠ ಮಾಡುವವನು, ಅಷ್ಟಾದರೂ ಮಾಡಲಿ ಎಂಬ ಭಾವನೆ ಮನೆಯಲ್ಲಿತ್ತು. ಒತ್ತುವುದರಲ್ಲಿ ನಾನು ಎಂದೂ ತಪ್ಪಲಿಲ್ಲ. ಒತ್ತಿದ ಮೇಲೆ ಸುಮ್ಮನೆ ಇರುವುದಿತ್ತಲ್ಲ, ತೊಂದರೆ ಶುರುವಾದದ್ದು ಅಲ್ಲಿ. ಶೈಲಾಳದು ಒಂದು ಪದ್ಧತಿ. ಒಂದು ಹಾಡನ್ನು ಒಂದು ದಿನ ಒಂದೇ ಸಲ ಹಾಡುವುದು. ಕೆಟ್ಟರೆ ಮತ್ತೆ ಎಂಟು ದಿನ ಅದನ್ನು ಮುಟ್ಟುವುದಿಲ್ಲ. ‘ಎರಡನೇ ಸಲಕ್ಕ ಅದು ಪಾಠ ಒಪ್ಪಿಸಿದಂಗ ಆಗತೈತಿ’ ಎನ್ನುತ್ತಾಳೆ. ಹೀಗಾಗಿ ನಡುಮನೆಯ ಕಿಟಕಿಗೆಲ್ಲ ಕೌದಿ ಹೊದಿಸಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ಯಾನು ಆರಿಸಿ, ಕುಕ್ಕರು ಇಳಿಸಿ, ಕಾರ್ಖಾನೆಯ ಭೋಂಗಾ ಕೂಗಿ ಮುಗಿಯುವುದನ್ನು ಕಾದು ಹಾಡು ಶುರುವಾಗುತ್ತಿತ್ತು. ಮೊದಲ ಹಾಡಿನ ಕೊನೆಯಲ್ಲಿ ನಾನು ಸೀನಿದೆ. ಕೌದಿಯ ಧೂಳು, ನನ್ನ ತಪ್ಪಲ್ಲ. ಎರಡನೆಯದರಲ್ಲಿ, ಒಂದು ಸಾಲು ಬಹಳ ಚೆನ್ನಾಗಿದೆ ಅನ್ನಿಸಿ ‘ವಾಹ್’ ಎಂದೆ. ಮೆಚ್ಚುಗೆಗೆ ಬೈಸಿಕೊಂಡ ಮೊದಲ ಗಂಡ ನಾನೇ ಇರಬೇಕು. ಮೂರನೆಯದರಲ್ಲಿ ಏನೂ ಮಾಡಲಿಲ್ಲ, ಉಸಿರಾಡಿದೆ ಅಷ್ಟೇ. ನನ್ನ ಎಡ ಮೂಗಿನಲ್ಲಿ ಸಣ್ಣ ಸೀಟಿ ಇದೆಯೆಂದು ಇಪ್ಪತ್ತೆರಡು ವರ್ಷದ ಮೇಲೆ ಅಪ್ಪನ ಯಂತ್ರ ತೋರಿಸಿಕೊಟ್ಟಿತು.

ನನಗೂ ಸಿಟ್ಟು ಬಂತು. ಫೋನಿನಲ್ಲಿ ಮಗಳನ್ನು ಕೇಳಿದೆ. ‘ಸುತ್ತಲಿನ ಸಪ್ಪಳ ಬೇಕಂತ ನೀನ ಹೇಳಿದೆಲ್ಲ. ನನ್ನ ಸೀನು ಸುತ್ತಲಿಂದಲ್ಲೇನು?’

‘ಅಪ್ಪಾ, ಸಪ್ಪಳ ತಾನ ಬರಬೇಕು. ನೀವು ಮಾಡಬಾರದು.’

‘ಸೀನು ತಾನ ಬಂದದ್ದಲ್ಲೇನು?’

‘ಅವ್ವನ ರೊಟ್ಟಿ ನೋಡ್ರಿ, ಹೆಂಗ ಕೂಡೇತಿ’ ಎಂದಳು ಅಜ್ಜಿಯನ್ನು ಅವ್ವನೆಂದೇ ಕರೆಯುವ ಮಗಳು.

ಅದೂ ನಿಜವೇ. ನಾಲ್ಕನೆಯ ಹಾಡಿನ ದಿನ ಅವ್ವ ಹಾಡು ಶುರುವಾದದ್ದು ಗೊತ್ತಾಗದೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶೈಲಾ ಅವಳನ್ನು ನಿಲ್ಲಿಸಲಿಲ್ಲ. ತಾನೇ ಲಯ ಸ್ವಲ್ಪ ಇಳಿಸಿ, ಆ ಬಡಿತಕ್ಕೆ ಹಾಡನ್ನು ಹೊಂದಿಸಿಕೊಂಡಳು. ರೊಟ್ಟಿ ತಿರುವಿ ಹಾಕುವಷ್ಟು ಹೊತ್ತು ಹಾಡೂ ಸುಮ್ಮನಾಗುತ್ತದೆ. ಕೇಳಿದವರೆಲ್ಲ ಅದು ಯಾವ ವಾದ್ಯ ಎಂದು ವಿಚಾರಿಸುತ್ತಾರೆ. ಅವ್ವನಿಗೆ ಅಂದಿನಿಂದ ಬಾಯಿ ಬಂತು. ‘ನನ್ನ ರೊಟ್ಟಿಗೆ ತಾಳ ಕೂಡ್ತು. ನಿನ್ನ ಸೀನಿಗೆ ಯಾವ ರಾಗ ಹುಡುಕ್ಲಿ ಪಾಪ, ಅಕಿ?’ ಎಂದು ನನ್ನನ್ನು ಚುಚ್ಚಿದಳು. ಚೊಚ್ಚಲ ಎಂಬ ಮಾತನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿದ್ದಳು. ಸೊಸೆಗೆ ಹೆತ್ತವರಿಗೆ ಕೊಡುವ ಅಂಟಿನುಂಡಿ ಕಟ್ಟಿಕೊಟ್ಟಳು, ತಣ್ಣೀರು ಮುಟ್ಟಗೊಡಲಿಲ್ಲ. ಬಾಣಂತನದಲ್ಲಿ ಗಂಡನನ್ನು ಇಡುವ ಜಾಗ ಯಾವುದೋ, ನಾನು ಅಲ್ಲಿದ್ದೆ.

ಎಂಟು ಹಾಡು ಮುಗಿದವು. ಒಂಬತ್ತನೆಯದು ಹೊಳೆಯ ಹಾಡು. ಅದನ್ನು ಹೊಳೆಯಲ್ಲೇ ಹಾಡುತ್ತೇನೆ ಎಂದಳು ಶೈಲಾ. ಹಾಡಿನ ಪಲ್ಲವಿ ಹೀಗಿದೆ:

ಹೋಗೂ ನೀರೇ, ಒಂದೀಟು ನಿಂತು ಹೋಗ,
ನನ್ನ ಮಗ್ಗಲಕ ಕೂಡಾಕ ಜಾಗ ಐತಿ.

ಈ ಎರಡು ಸಾಲು ನೆನಪಿಡಬೇಕು. ನೀರಿಗೆ ಕೊಟ್ಟ ಆಮಂತ್ರಣ ಇದು, ಅದೂ ಬಾಯಿತುಂಬ ಕೊಟ್ಟದ್ದು.

ನಮ್ಮ ಕಾಳಿ ನದಿಯ ಸ್ವಭಾವ ಈ ಊರಿನ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬಂಡೆಗಳೆಲ್ಲ ಮೈ ಒಣಗಿಸಿಕೊಂಡು ಮಲಗಿರುತ್ತವೆ, ನಡುವೆ ಕಾಲು ತೊಯ್ಯುವಷ್ಟು ನೀರು. ಮೇಲೆ ಅಣೆಕಟ್ಟಿನ ಕಡೆ ಕರೆಂಟು ತೆಗೆಯಲು ಶುರುಮಾಡಿದರೆ ಆ ನೀರೆಲ್ಲ ಕೆಳಗೆ ಬಂದು ನೋಡನೋಡುತ್ತ ಹೊಳೆ ಎದ್ದು ನಿಲ್ಲುತ್ತದೆ. ಮಳೆ ಬೇಡ, ಮೋಡ ಬೇಡ, ಬಿರುಬಿಸಿಲಲ್ಲೇ ಪ್ರವಾಹ. ನೀರು ಯಾವ ಹೊತ್ತಿನಲ್ಲಾದರೂ ಏರಬಹುದು ಎಂದು ದಂಡೆಯ ಮೇಲೆ ಬೋರ್ಡು ಇದೆ. ಆ ಭಾನುವಾರ ಮುಂಜಾನೆ ಊರ ಹೊರಗಿನ ಮೌಳಂಗಿಯ ದಂಡೆಗೆ ಇಳಿಯುವಾಗ ಶೈಲಾ ಆ ಬೋರ್ಡಿನ ಮುಂದೆ ನಿಂತಳು. ‘ಅದು ಊರಿಗೆ ಬರೋ ಮಂದಿಗೆ ಬರ್ದದ್ದು. ನಾವೇನು ನಿನ್ನೆ ಬಂದವರಾ? ಒಂಬತ್ತರ ಒಳಗ ನೀರು ಬರೂದಿಲ್ಲ’ ಎಂದೆ. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ಹೊರಗಿನವರು ಬೋರ್ಡು ಓದಿ ದೂರ ನಿಲ್ಲುತ್ತಾರೆ. ನಾವು ನೆಂಟರ ಸಲಿಗೆಯಿಂದ ಒಳಗೇ ಹೋಗುತ್ತೇವೆ.

ದಂಡೆಯಿಂದ ಹದಿನೈದು ಹೆಜ್ಜೆ ಒಳಗೆ ಒಂದು ಚಪ್ಪಟೆ ಬಂಡೆ. ಹಿಮ್ಮಡಿ ತೊಯ್ಯುವಷ್ಟು ನೀರು ದಾಟಿ ಹೋಗಿ ಶೈಲಾ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಟವೆಲು ಮಡಚಿ ಹಾಸಿ ಟೇಪ್ ರೆಕಾರ್ಡರನ್ನು ಅವಳ ಮುಂದಿಟ್ಟೆ. ಅವ್ವ ಕಟ್ಟಿಕೊಟ್ಟ ಚುರುಮುರಿ ಸೂಸಲದ ಸ್ಟೀಲು ಡಬ್ಬಿಯನ್ನು ದಂಡೆಯಂಚಿನ ಕಲ್ಲೊಂದರ ಮೇಲೆ ಇಟ್ಟಿದ್ದೆವು, ಹಾಡಾದ ಮೇಲೆ ತಿನ್ನುವುದಕ್ಕೆ. ಇನ್ನೂ ತುಸು ಮೇಲಕ್ಕೆ, ಪ್ರವಾಸಿಗರನ್ನು ಹರಿಗೋಲಿನಲ್ಲಿ ಸುತ್ತಿಸುವ ಪುಂಡಲೀಕ ಎಂಬುವನು ತನ್ನ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಜೋಯಿಡಾದ ಕಡೆಯವನು, ಹೆಂಗಸರನ್ನೆಲ್ಲ ‘ಬಾಯಿ’ ಎಂದು ಕರೆಯುವವನು, ಮುಖ ಕಂಡು ಗೊತ್ತು. ಗುಂಡಿ ಒತ್ತುವ ಮೊದಲು ಶೈಲಾ ನನ್ನನ್ನು ಹತ್ತಿರ ಕರೆದಳು.

‘ಇಲ್ಲಿ ಕೇಳ್ರಿ. ಇದು ಕಡೀ ಹಾಡು. ನಿಮ್ಮ ಮೂಗು ಇಲ್ಲಿ ಬ್ಯಾಡ, ದಂಡಿ ಮ್ಯಾಲೆ ಹೋಗಿ ನಿಂದರ್ರಿ. ನಾ ಹಾಡು ಮುಗಿಸೂತನಾ ಆಕಾಶ ಕಳಚಿ ಬಿದ್ರೂ ಬಾಯಿ ತಗೀಬ್ಯಾಡ್ರಿ.’

‘ಆತು’ ಎಂದೆ.

‘ವಾಹ್ ಅನ್ನಬ್ಯಾಡ್ರಿ.’

‘ಅನ್ನೂದಿಲ್ಲ ಮಾರಾಯ್ತಿ.’

ಗುಂಡಿ ಒತ್ತಿ, ಹೊಳೆಮತ್ತಿ ಮರದ ಕೆಳಗೆ ಹೋಗಿ ನಿಂತೆ. ಅವಳು ಕಣ್ಣು ಮುಚ್ಚಿ ಹಾಡತೊಡಗಿದಳು. ಹಾಡುವಾಗ ಅವಳಿಗೆ ಕಣ್ಣು ಮುಚ್ಚುವ ಅಭ್ಯಾಸ. ನಾನು ಅಷ್ಟು ದೂರದಿಂದ ಅವಳನ್ನು ನೋಡಿ ಬಹಳ ದಿನವಾಗಿತ್ತು. ಮನೆಯಲ್ಲಿ ಎಲ್ಲರೂ ಹತ್ತಿರವೇ ಇರುವುದರಿಂದ ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲ ಚರಣ ಆಯಿತು, ಎರಡನೆಯದು ಆಯಿತು, ಪಲ್ಲವಿ ಮರಳಿ ಬಂತು. ಅದು ಮುಗಿದು ಮೂರನೆಯ ಚರಣಕ್ಕೆ ಮುಂಚೆ ಬರಿಯ ತಂತಿ ಮೀಟುವ ಒಂದು ಬಿಡುವು ಇದೆ. ಆ ಬಿಡುವಿನಲ್ಲಿ ‘ಠಣ್’ ಎಂದಿತು.

ತಿರುಗಿ ನೋಡಿದೆ. ನೀರು ಸೂಸಲದ ಡಬ್ಬಿಯನ್ನು ಎತ್ತಿ ಕಲ್ಲಿಗೆ ಬಡಿದಿತ್ತು. ಡಬ್ಬಿ ಒಮ್ಮೆ ಸುತ್ತು ಹಾಕಿ, ಸಲೀಸಾಗಿ ಹೊರಟಿತು. ನಾನು ದಾಟಿ ಬಂದಿದ್ದ ಸಣ್ಣ ಕಲ್ಲುಗಳು ಇರಲಿಲ್ಲ.

ಮುಂದಿನದನ್ನು ನಾನು ಏಳು ತಿಂಗಳಿಂದ ದಿನಕ್ಕೆ ಎರಡು ಮೂರು ಸಲ ನೋಡುತ್ತಿದ್ದೇನೆ. ಪ್ರತಿ ಸಲವೂ ನಾನು ಕೂಗುತ್ತೇನೇನೋ ಎಂದು ಕಾಯುತ್ತೇನೆ. ಕೂಗಲಿಲ್ಲ. ಬಾಯಿ ತೆರೆದದ್ದು ನಿಜ, ಆದರೆ ಕೈ ತಾನಾಗಿ ಬಂದು ಬಾಯಿಯನ್ನು ಮುಚ್ಚಿತು. ಹುಚ್ಚು ನೋಡಿ, ಆ ಹೊತ್ತಿನಲ್ಲಿ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಬಂಡೆ ಮೊಣಕಾಲೆತ್ತರ ಇದೆ. ಉಳಿದದ್ದು ಒಂದು ಚರಣ, ಒಂದು ಪಲ್ಲವಿ. ಈಗ ಕೂಗಿದರೆ ಕಡೆಯ ಹಾಡೂ ನನ್ನಿಂದಲೇ ಕೆಟ್ಟಿತು ಎಂದಾಗುತ್ತದೆ. ಮುಗಿಯುವವರೆಗೆ ನೀರು ತಡೆದೀತು. ಎಂ.ಎಸ್ಸಿ.ಯಲ್ಲಿ ಇಂಥ ಲೆಕ್ಕ ಮಾಡಿದ್ದಕ್ಕೆ ನನಗೆ ಒಳ್ಳೆಯ ಅಂಕ ಬಂದಿದ್ದವು. ಎರಡೂ ಕೈ ಎತ್ತಿ ಬೀಸಿದೆ. ಮೇಲೆ, ಕೆಳಗೆ, ಬಾ ಬಾ ಎಂದು. ಅವಳ ಮುಖ ಹಾಗೆಯೇ ಇತ್ತು. ಆಮೇಲೆ ನೀರಿಗೆ ಇಳಿದೆ. ಹೇಗೆ ಇಳಿದೆ ಎಂದರೆ, ಸಪ್ಪಳ ಆಗದ ಹಾಗೆ. ಮಲಗಿದ ಕೂಸಿನ ತೊಟ್ಟಿಲ ಪಕ್ಕದಲ್ಲಿ ನಡೆದಂತೆ ಒಂದೊಂದೇ ಹೆಜ್ಜೆ ಮೆಲ್ಲಗೆ ಊರಿ, ಏರುವ ಹೊಳೆಯೊಳಗೆ ನಡೆದೆ. ಹಿಮ್ಮಡಿಯಷ್ಟಿದ್ದ ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅತ್ತ ಅವಳು ‘ನನ್ನ ಮಗ್ಗಲಕ ಕೂಡಾಕ ಜಾಗ ಐತಿ’ ಎನ್ನುತ್ತಿದ್ದಳು. ನೀರು ಆ ಮಾತು ಕೇಳಿ ಬಂಡೆಯ ಅಂಚನ್ನು ಏರಿ ಅವಳ ಸೀರೆಯ ನೆರಿಗೆಗೆ ತಾಗಿತು. ಆಗ ನನ್ನ ಕಾಲ ಕೆಳಗಿನ ಕಲ್ಲು ಜಾರಿತು. ಆಗ ಕೂಗಿದೆ, ‘ಶೈಲಾ, ಏಳ, ನೀರು ಬಂತು.’

ಅವಳು ಎದ್ದಳು. ಎದ್ದವಳು ಮೊದಲು ಎತ್ತಿಕೊಂಡದ್ದು ಟೇಪ್ ರೆಕಾರ್ಡರನ್ನು, ಆಮೇಲೆ ಗಿಟಾರು. ಒಂದನ್ನು ತಲೆಯ ಮೇಲೆ, ಒಂದನ್ನು ಬಗಲಲ್ಲಿ ಹಿಡಿದು, ಹಳಿಯಾಳದ ಸಂತೆಗೆ ಹೊರಟವಳಂತೆ ನಿಂತಳು. ನಾನು ಅವಳಿಗೂ ದಂಡೆಗೂ ನಡುವೆ ಒಂದು ಬಂಡೆಯ ಮೂಲೆ ಹಿಡಿದು ತೂಗುತ್ತಿದ್ದೆ. ಕಾಪಾಡಲು ಹೋದವನು ಕಾಪಾಡಬೇಕಾದವರ ಪಟ್ಟಿಗೆ ಸೇರಿದ್ದೆ. ಪುಂಡಲೀಕ ಹಸಿ ಡಾಂಬರಿನ ಹರಿಗೋಲನ್ನೇ ನೀರಿಗೆ ತಳ್ಳಿ ಬಂದ. ‘ಬಾಯೀ, ಮೊದ್ಲು ನೀವು. ಪೆಟಗಿ ಆಮ್ಯಾಲೆ’ ಎಂದ. ಶೈಲಾ ಮೊದಲು ಪೆಟ್ಟಿಗೆಯನ್ನೇ ಕೊಟ್ಟಳು, ಗಿಟಾರು ಕೊಟ್ಟಳು, ಆಮೇಲೆ ಹತ್ತಿದಳು. ನನ್ನನ್ನು ಅಂಗಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡರು. ಆ ಬಂಡೆ ಅಷ್ಟರಲ್ಲಿ ಕಾಣದಾಗಿತ್ತು. ಅದರ ಮೇಲೆ ನೀರು ಒಂದು ಸಣ್ಣ ಮಡಿಕೆ ಹಾಕಿಕೊಂಡು ಹೋಗುತ್ತಿತ್ತು, ಅಷ್ಟೇ. ದಂಡೆಗೆ ಬಂದ ಮೇಲೆ ಪುಂಡಲೀಕ ಕೈಯ ಡಾಂಬರು ಒರೆಸುತ್ತ ನನ್ನನ್ನು ಕೇಳಿದ.

‘ಸರ್, ಸಿಟ್ಟಾಗಬ್ಯಾಡ್ರಿ. ನೀವು ಕೈ ಹಿಂಗ ಹಿಂಗ ಮಾಡ್ತಿದ್ರಿ, ನಾ ನೋಡ್ತಿದ್ದೆ. ಬಾಯಿ ಹಾಡ್ತಾರ, ಸರ್ ತಾಳ ಹಾಕ್ತಾರ ಅಂತ ತಿಳ್ಕೊಂಡೆ. ಒಂದು ಮಾತು ಕೂಗಿದ್ರ ಆಗಲೇ ಬರ್ತಿದ್ದೆ.’

‘ಗಾಬರಿ ಆಗಿತ್ತು’ ಎಂದೆ.

‘ಗಾಬರಿ ಆದ್ರ ಮಂದಿ ಕೂಗತಾರ್ರಿ’ ಎಂದ ಅವನು, ಬಹಳ ಮೃದುವಾಗಿ.

ಊರಿಗೆ ಬಂದ ಮೇಲೆ ಕತೆ ಬೇರೆಯಾಯಿತು. ನಾನು ಬದಲಿಸಲಿಲ್ಲ, ತಾನಾಗಿ ಬದಲಾಯಿತು, ನಾನು ಅಡ್ಡ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ‘ನೀರು ಕಂಡ ಕೂಡಲೇ ಜಿಗಿದರಂತೆ’ ಎಂದರು. ಹೌದು, ಇಲ್ಲ ಎಂದು ನಿರ್ಧರಿಸುವಷ್ಟರಲ್ಲಿ ಚಹಾ ಬಂತು. ಪ್ರಾರ್ಥನೆಯ ಹೊತ್ತಿಗೆ ಮುಖ್ಯೋಪಾಧ್ಯಾಯರು ಸಮಯಪ್ರಜ್ಞೆಯ ಬಗ್ಗೆ ನಾಲ್ಕು ಮಾತಾಡಿ ನನ್ನ ಕಡೆ ನೋಡಿದರು. ಸಮಯ, ಪ್ರಜ್ಞೆ ಎರಡರಲ್ಲಿ ಒಂದಂತೂ ಆ ದಿನ ನನ್ನಲ್ಲಿರಲಿಲ್ಲ, ಯಾವುದೆಂದು ಈಗಲೂ ಯೋಚಿಸುತ್ತೇನೆ. ಅವ್ವ ಇಬ್ಬರಿಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಡಬ್ಬಿ ಹೋಯಿತೆಂದು ಎರಡು ದಿನ ಕೊರಗಿದಳು. ಅದು ಅವಳ ತವರಿನ ಡಬ್ಬಿ. ಶೈಲಾ ಮಾತ್ರ ಆ ದಿನದ ಸುದ್ದಿ ಎತ್ತಲೇ ಇಲ್ಲ. ಬೇರೆಯವರು ನನ್ನನ್ನು ಹೊಗಳುವಾಗ ಸುಮ್ಮನೆ ಕೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂಬ ಧೈರ್ಯದ ಮೇಲೆ ನಾನು ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ.

ಆ ಧೈರ್ಯಕ್ಕೆ ಒಂದೇ ಶತ್ರು ಇತ್ತು. ಅಪ್ಪನ ಯಂತ್ರ. ತಲೆಯ ಮೇಲೆ ಹೊತ್ತಾಗಲೂ ಅದು ತಿರುಗುತ್ತಲೇ ಇತ್ತು. ಆ ಕಾಲದ ಟೇಪ್ ರೆಕಾರ್ಡರುಗಳದು ಒಂದು ಗುಣ. ಹತ್ತಿರದ ಸದ್ದು ಜೋರಾಗಿದ್ದಾಗ ಅದನ್ನಷ್ಟೇ ಹಿಡಿಯುತ್ತವೆ, ಹತ್ತಿರದ್ದು ತಗ್ಗಿದರೆ ಕಿವಿ ನಿಮಿರಿಸಿ ದೂರದ್ದನ್ನು ಹೆಕ್ಕುತ್ತವೆ. ಮಕ್ಕಳಿಗೆ ಇದನ್ನು ನಾನೇ ವಿವರಿಸಿದ್ದುಂಟು. ಆ ತಂತಿ ಮೀಟುವ ಬಿಡುವಿನಲ್ಲಿ ‘ಠಣ್’ ಎಂದದ್ದು ಅದರಲ್ಲಿ ಗಂಟೆ ಹೊಡೆದಂತೆ ಬಿದ್ದಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿ ನೋಡಿದೆ. ಠಣ್ ಎಂದಲ್ಲಿಂದ ನನ್ನ ಕೂಗಿನವರೆಗೆ ಒಂದು ಇಡೀ ಚರಣ, ಅದರ ಮೇಲೆ ಪಲ್ಲವಿಯ ಎರಡು ಸಾಲು. ಗಡಿಯಾರ ಹಿಡಿದು ನೋಡಿದೆ, ಒಂದು ನಿಮಿಷ ನಲವತ್ತು ಸೆಕೆಂಡು. ಬರೆಯಲು ಸಣ್ಣ ಸಂಖ್ಯೆ. ಬಾಯಿ ಮುಚ್ಚಿಕೊಂಡು ಗಡಿಯಾರ ನೋಡುತ್ತ ಕೂತರೆ ತಿಳಿಯುತ್ತದೆ. ನಾನು ಕೂತು ನೋಡಿದ್ದೇನೆ.

ಟೇಪನ್ನು ಅಳಿಸಿಬಿಡೋಣ ಎಂದೂ ಒಮ್ಮೆ ಅನ್ನಿಸಿತು. ಕೆಂಪು ಗುಂಡಿ ಒತ್ತುವ ಅಧಿಕಾರ ನನ್ನದೇ ತಾನೆ. ಬೆರಳು ಇಟ್ಟೆ, ತೆಗೆದೆ. ಬದಲಿಗೆ ಮಗಳಿಗೆ ಫೋನು ಮಾಡಿ, ಒಂಬತ್ತನೆಯ ಹಾಡು ಬೇಡ, ಅದರಲ್ಲಿ ಗದ್ದಲ ಜಾಸ್ತಿ, ಎಂಟೇ ಸಾಕು ಎಂದೆ. ‘ನೋಡೂಣು, ಎಲ್ಲಾರೂ ಕೂಡೇ ಕೇಳೂಣು’ ಎಂದು ಅವಳು ಮುಂದಿನ ಭಾನುವಾರ ಬಂದಳು.

ನಡುಮನೆಯಲ್ಲಿ ಕೌದಿ ಹಾಸಿ ಕೂತೆವು. ಅವ್ವ ಗೋಡೆಗೆ ಒರಗಿ, ಶೈಲಾ ಮೊಣಕಾಲಿಗೆ ಗಲ್ಲ ಊರಿ, ಮಗಳು ಯಂತ್ರದ ಪಕ್ಕದಲ್ಲಿ. ನಾನು ಬಾಗಿಲ ಹತ್ತಿರ, ಓಡುವುದಾದರೆ ಸಮೀಪವಾಗಲಿ ಎಂದು. ಎಂಟು ಹಾಡು ಮುಗಿದವು. ರೊಟ್ಟಿಯ ಹಾಡಿಗೆ ಅವ್ವ ತಾನೇ ತಲೆದೂಗಿದಳು. ಒಂಬತ್ತನೆಯದು ಬಂತು. ಹೊಳೆಯ ಸದ್ದು, ಒಂದು ಹಕ್ಕಿ, ಶೈಲಾಳ ದನಿ. ಪಲ್ಲವಿ, ಬಿಡುವು, ಠಣ್.

‘ನನ್ನ ಡಬ್ಬಿ’ ಎಂದಳು ಅವ್ವ.

ಹಾಡು ಮುಂದೆ ಹೋಯಿತು. ನಿಜ ಹೇಳಬೇಕೆಂದರೆ ಆ ಚರಣ ಅವಳು ಹಾಡಿದ್ದರಲ್ಲೇ ಚೆಂದದ್ದು. ಅದನ್ನು ನಾನು ಸರಿಯಾಗಿ ಕೇಳಿದ್ದು ಅಂದೇ. ದಂಡೆಯ ಮೇಲೆ ನನಗೆ ಎಷ್ಟು ಉಳಿದಿದೆ ಎಂಬುದಷ್ಟೇ ಕೇಳಿಸಿತ್ತು. ನನ್ನ ಕೂಗು ಬಂತು, ಗಡಬಡ ಸದ್ದು, ಪುಂಡಲೀಕನ ‘ಬಾಯೀ’. ಮಗಳು ಯಂತ್ರ ನಿಲ್ಲಿಸಿದಳು. ಅವ್ವ ನನ್ನ ಕಡೆ ತಿರುಗಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಪಾತ್ರೆಯ ಸದ್ದಿನಲ್ಲಿ ಅವಳಿಗೆ ಪಾಠ ಹೇಳುವವರಿಲ್ಲ.

‘ಡಬ್ಬಿ ಹೊಳಿಗೆ ಹೋತು ಅಂದ್ರ ನೀರು ಬಂದಿತ್ತು. ಹೌದಲ್ಲೋ ತಮ್ಮಾ?’

‘ಹೌದು.’

‘ನೀ ಆವಾಗ ಎಲ್ಲಿದ್ದಿ?’

‘ಅಲ್ಲೇ ಇದ್ದೆ. ನೋಡಿದೆ’ ಎಂದೆ. ಎಂದ ಮೇಲೆ ಉಳಿದದ್ದೂ ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡದ್ದು, ಲೆಕ್ಕ ಹಾಕಿದ್ದು, ಸಪ್ಪಳವಾಗದಂತೆ ಹೆಜ್ಜೆ ಇಟ್ಟದ್ದು. ‘ಹಾಡು ಕೆಡತೈತಿ ಅಂತ’ ಎಂದು ಮುಗಿಸಿದೆ. ಹೊರಗೆ ಹೇಳಿದಾಗ ಆ ಮಾತು ದಂಡೆಯ ಮೇಲೆ ಕಂಡದ್ದಕ್ಕಿಂತ ಬಹಳ ಸಣ್ಣದಾಗಿ ಕೇಳಿಸಿತು. ಮಗಳು ನನ್ನ ಮುಖ ನೋಡಲಿಲ್ಲ, ಕ್ಯಾಸೆಟ್ಟಿನ ಖಾಲಿ ಕವಚವನ್ನು ತಿರುಗಿಸುತ್ತಿದ್ದಳು. ಅವ್ವ ನಿಟ್ಟುಸಿರು ಬಿಟ್ಟು, ‘ಹುಟ್ಟಿದಾಗ ಅಳಾಕೂ ಹಿಂಗ ತಡಾ ಮಾಡಿದ್ದಿ’ ಎಂದಳು.

ಆಮೇಲೆ ಶೈಲಾ ಮಾತಾಡಿದಳು. ‘ನನಗೂ ಕೇಳಿಸಿತ್ತು, ಡಬ್ಬಿ ಸಪ್ಪಳ. ಆವಾಗ ಕಣ್ಣು ಬಿಟ್ಟಿದ್ದೆ.’

‘ಬಿಟ್ಟಿದ್ದೇನು?’

‘ಒಂದೀಟು. ಕಾಲ ಬಾಜೂಕ ನೀರು ಹೊಳೀತಿತ್ತು. ಹೊಳಿ ಏರಿರಬೇಕಲ್ಲಾ ಅಂತ ನಿಮ್ಮ ಕಡೆ ನೋಡಿದೆ. ನೀವು ಬಾಯಿಗೆ ಕೈ ಇಟ್ಕೊಂಡು ಸುಮ್ಮ ನಿಂತಿದ್ರಿ. ನೀವು ಸುಮ್ಮ ಅದೀರಿ ಅಂದ್ರ ಅಂಜೂದು ಏನಿಲ್ಲ ಅಂತ ಮತ್ತ ಕಣ್ಣು ಮುಚ್ಚಿದೆ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೇಗೋ ನಿಭಾಯಿಸುತ್ತಿದ್ದೆ, ಅಭ್ಯಾಸವಿದೆ. ಆ ಒಂದು ನಿಮಿಷ ನಲವತ್ತು ಸೆಕೆಂಡು ನಾನು ಅವಳ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ, ಅವಳು ನನ್ನ ಮೌನವನ್ನು ನಂಬಿ ಹಾಡುತ್ತಿದ್ದಳು. ನಡುವೆ ನೀರು ಏರುತ್ತಿತ್ತು. ಇಪ್ಪತ್ತೆರಡು ವರ್ಷ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ ಎಂದು ಜಗಳಾಡಿದವರು ನಾವು. ಕೇಳಿಸಿಕೊಂಡ ದಿನ ಇಷ್ಟಾಯಿತು. ಆ ಬಂಡೆಯ ಮೇಲೆ ಈಗ ನಾನು ನೋಡುವುದು ನೀರನ್ನಲ್ಲ. ಒಂದು ಕ್ಷಣ ತೆರೆದು, ನನ್ನನ್ನು ನೋಡಿ, ನೆಮ್ಮದಿಯಿಂದ ಮುಚ್ಚಿಕೊಂಡ ಅವಳ ಕಣ್ಣನ್ನು. ನಾನು ಎಲ್ಲ ನೋಡುತ್ತ ನಿಂತಿದ್ದೆ, ಅದನ್ನು ಮಾತ್ರ ನೋಡಿರಲಿಲ್ಲ.

‘ಹಾಡು ಇರಲಿ’ ಎಂದಳು ಶೈಲಾ ಮಗಳಿಗೆ. ‘ಕೂಗೂ ಇರಲಿ?’ ಎಂದು ಸ್ಫೂರ್ತಿ ಕೇಳಿದಳು. ‘ಅದಿಲ್ಲಂದ್ರ ನಾ ಎಲ್ಲಿರ್ತಿದ್ದೆ? ಇರಲಿ’ ಎಂದಳು. ಹೀಗೆ ಡಬ್ಬಿಯ ಸದ್ದು, ನನ್ನ ಮೌನ, ನನ್ನ ಕೂಗು ಎಲ್ಲ ಸೇರಿ ಆಲ್ಬಮ್ಮಿನ ಒಂಬತ್ತನೆಯ ಹಾಡಾಯಿತು. ಆಲ್ಬಮ್ಮಿಗೂ ‘ಕೂಡಾಕ ಜಾಗ ಐತಿ’ ಎಂದೇ ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದರು. ಯಾರು ಯಾರು ಏನೇನು ಮಾಡಿದ್ದು ಎಂದು ಬರೆಯುವಾಗ ತಾಳ ಎಂಬಲ್ಲಿ ಅವ್ವನ ಹೆಸರು ಹಾಕಿದರು. ಪುಂಡಲೀಕನಿಗೆ ಕೃತಜ್ಞತೆ ಹೇಳಿದರು. ನನ್ನ ಹೆಸರಿನ ಮುಂದೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಗುಂಡಿ ಒತ್ತಿದವರು’ ಎಂದು ಬರೆದರು.

ಸ್ಟಾಫ್ ರೂಮಿನಲ್ಲೂ ಒಂದು ದಿನ ಚಹಾ ಬರುವ ಮೊದಲೇ ನಿಜ ಹೇಳಿದೆ. ಯಾರೂ ನಂಬಲಿಲ್ಲ. ‘ಸರ್ ಬಹಳ ವಿನಯದವರು’ ಎಂದರು. ಈಗ ಶೈಲಾ ಎರಡನೆಯ ಆಲ್ಬಮ್ಮಿನ ಹಾಡು ಬರೆಯುತ್ತಿದ್ದಾಳೆ. ಪದ್ಧತಿ ಅದೇ, ನಿಯಮ ಮಾತ್ರ ಬದಲಾಗಿದೆ. ನಾನು ಪೂರ್ತಿ ಸುಮ್ಮನೆ ನಿಲ್ಲಬಾರದು. ಮೂಗಿನ ಸೀಟಿಯಾದರೂ ಕೇಳಿಸುವಷ್ಟು ಹತ್ತಿರ ಇರಬೇಕು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದರೆ ನಾನು ತಕ್ಷಣ ಎದ್ದು ಕೂಗುತ್ತೇನೆ. ಹಾಡು ಕೆಡುತ್ತದೆ, ಎಂಟು ದಿನ ಕಾಯುತ್ತೇವೆ, ಮತ್ತೆ ಕೂರುತ್ತೇವೆ. ಮೂರು ತಿಂಗಳಲ್ಲಿ ಒಂದೂ ಹಾಡು ಪೂರ್ತಿಯಾಗಿಲ್ಲ. ಶೈಲಾ ಬೇಸರಿಸಿಕೊಂಡಿಲ್ಲ, ಕಣ್ಣು ತೆರೆದುಕೊಂಡೇ ಹಾಡುವುದನ್ನು ಕಲಿಯುತ್ತಿದ್ದಾಳೆ.

ಮೊನ್ನೆ ಮಗಳು ಫೋನಿನಲ್ಲಿ ಒಂದು ಮಾತು ಓದಿ ಹೇಳಿದಳು. ಎಲ್ಲಿಯವರೋ, ನಮ್ಮನ್ನು ಕಂಡವರಲ್ಲ, ಒಂಬತ್ತನೆಯ ಹಾಡಿನ ಕೆಳಗೆ ಬರೆದಿದ್ದರಂತೆ: ‘ಗಂಡು ದನಿ ತುಂಬ ತಡವಾಗಿ ಬರುತ್ತದೆ, ಆದರೂ ಮನಸ್ಸಿಗೆ ನಾಟುತ್ತದೆ.’ ನಾನು ಶೈಲಾಳ ಮುಖ ನೋಡಿದೆ. ಅವಳು ಬಸ್ಸಿನ ಟಿಕೆಟ್ಟಿನ ಹಿಂದೆ ಏನೋ ಬರೆಯುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು.

‘ಮುಂದಿನ ಸಲ ಮೊದಲ ಪಲ್ಲವಿಗೇ ಬರ್ರಿ.’

ಬರುತ್ತೇನೆ ಎಂದಿದ್ದೇನೆ. ಆದರೆ ನಾನು ಅವಳ ಮಾತು ಕೇಳುವ ಗ್ಯಾರಂಟಿ ಇಲ್ಲವೆಂದು ಅವಳಿಗೂ ಗೊತ್ತು. ಅದೇ ಈಗ ನಮ್ಮಿಬ್ಬರಿಗೂ ಇರುವ ಧೈರ್ಯ.